ಪರನಾಡಿನ ಚಿತ್ರಗಳನ್ನು ಕುರಿತು ಬರೆಯುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಇಬ್ಬರಿಗೆ, ಗುಜರಾತಿನ ಇಂದಿನ ಚಿತ್ರಕಲೆಯ ವಿಷಯವಾಗಿ ಊರಿನ ಪತ್ರಿಕೆಗಳಿಗೆ ಬರೆಯಬೇಕೆಂಬ ಹಂಬಲ. ಹೇಗೆ ಬರೆಯಬೇಕೆಂದು ನನ್ನನ್ನು ಕೇಳಿದರು. ನಾನು ಗಿರಣಿಯ ಗುಮಾಸ್ತ, ಓದಿದ್ದು ಮೆಟ್ರಿಕ್. ಆದರೆ ಒಮ್ಮೆ ಬರೆದು ತಪ್ಪಿದವನು. ಆ ತಪ್ಪನ್ನೇ ಪಾಠವಾಗಿ ಮುಂದಿಡುತ್ತೇನೆ.

ಬರೋಡೆಯ ಭೂಪೇನ್ ಖಖ್ಖರ್ (1934–2003) ಅವರ ‘ಜನತಾ ವಾಚ್ ರಿಪೇರಿಂಗ್’ (1972) ಎಂಬ ಚಿತ್ರವನ್ನು ಪುಸ್ತಕವೊಂದರಲ್ಲಿ ಕಂಡೆ. ಗಡಿಯಾರ ರಿಪೇರಿಯವನು ತನ್ನ ಅಂಗಡಿಯಲ್ಲಿ ಕುಳಿತಿದ್ದಾನೆ, ಅಷ್ಟೆ. ಅದನ್ನು ನೋಡಿ, ಹೊಟ್ಟೆಗಿಲ್ಲದ ಕಾರ್ಮಿಕನ ಗೋಳನ್ನು ಕಲಾವಿದರು ತೋರಿಸಿದ್ದಾರೆಂದು ಎರಡು ಪುಟ ಬರೆದೆ. ಅದು ಅಚ್ಚೂ ಆಯಿತು. ಪಕ್ಕದ ಮೇಜಿನ ಗುಜರಾತಿ ಮಿತ್ರರಿಗೆ ಅರ್ಥ ಹೇಳಿದಾಗ ಅವರು ನಕ್ಕುಬಿಟ್ಟರು. “ಭಾಯಿ, ಅವನು ಸ್ವಂತ ಅಂಗಡಿಯ ಯಜಮಾನ. ನಾವಿಬ್ಬರೂ ಸಂಬಳದವರು. ಯಾರು ಯಾರಿಗೆ ಮರುಗಬೇಕು?” ಎಂದರು.

ಮತ್ತೆ ನೋಡಿದೆ. ಗೋಳು ಚಿತ್ರದಲ್ಲಿರಲಿಲ್ಲ, ನಾನು ತಂದು ಹಾಕಿದ್ದು. ಖಖ್ಖರರೇ ಮುಂಬಯಿಯಿಂದ 1962ರಲ್ಲಿ ಬರೋಡೆಗೆ ಬಂದವರು, ಚಾರ್ಟರ್ಡ್ ಅಕೌಂಟೆಂಟ್. ಬಹುಕಾಲ ಕಾರ್ಖಾನೆಯೊಂದರಲ್ಲಿ ಅರೆಹೊತ್ತು ಲೆಕ್ಕ ಬರೆದು, ಉಳಿದ ಹೊತ್ತಿನಲ್ಲಿ ಕ್ಷೌರಿಕ, ದರ್ಜಿ, ಗಡಿಯಾರದವನನ್ನು ಬರೆದರು. ತಾನು ದಿನವೂ ಕಾಣುವ ಜನವನ್ನು ಬರೆದರೇ ಹೊರತು ದೀನರನ್ನಲ್ಲ. (ಲೆಕ್ಕದ ಪುಸ್ತಕದವರೊಬ್ಬರ ಚಿತ್ರಗಳನ್ನು 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಪ್ರದರ್ಶಿಸಿತೆಂದರೆ ನಮ್ಮಂಥವರಿಗೆ ಸಂತೋಷವಲ್ಲವೇ?)

ಆದುದರಿಂದ ಮೊದಲು ಇಲ್ಲಿಯ ಬೋರ್ಡುಗಳನ್ನು ಓದಲು ಕಲಿಯಿರಿ. ತಲೆಗೆರೆಯಿಲ್ಲದ ಈ ಲಿಪಿ ಹಿಂದಿ ಬಲ್ಲವರಿಗೆ ಒಂದು ತಿಂಗಳ ಕೆಲಸ. ಆಮೇಲೆ, ತಿಳಿದವರೊಬ್ಬರ ಜೊತೆ ಬೇಕು. ಅಮೆರಿಕದ ಫೆನೊಲೊಸಾ 1878ರಲ್ಲಿ ಟೋಕಿಯೋಗೆ ಪಾಠ ಹೇಳಲು ಹೋಗಿ ಜಪಾನೀ ಕಲೆಗೆ ಮಾರುಹೋದಾಗ, ನುಡಿ ತಿಳಿಯದ ಅವರಿಗೆ ದುಭಾಷಿಯಾದವರು ಶಿಷ್ಯ ಒಕಾಕುರ. ಇದೇ ಒಕಾಕುರ 1902ರಲ್ಲಿ ಕಲ್ಕತ್ತೆಗೆ ಬಂದು ಠಾಕೂರರ ಮನೆತನದ ಸ್ನೇಹ ಸಂಪಾದಿಸಿದರು. ಗುರುವಿಗೇ ಶಿಷ್ಯನ ಬಾಯಿ ಬೇಕಾಯಿತು. ನಮಗೆ ಪಕ್ಕದ ಮೇಜಿನವರ ಬಾಯಿ ಬೇಡವೇ?

ಊರಿನ ಓದುಗರಿಗೆ ಹೋಲಿಕೆ ಕೊಡುವುದು ಒಳ್ಳೆಯದು, ಆದರೆ ಎಚ್ಚರ. ಖಖ್ಖರರು ಮೊದಮೊದಲು ಬಜಾರಿನ ದೇವರ ಪಟಗಳನ್ನೇ ಅಂಟಿಸಿ ಚಿತ್ರ ಮಾಡುತ್ತಿದ್ದರು. ಇದನ್ನು ತಿಳಿಸಲು ಕಲಬುರಗಿಯ ಎಸ್. ಎಂ. ಪಂಡಿತರನ್ನು ನೆನೆಯಬಹುದು, ಅವರ ದೇವತೆಗಳ ಕ್ಯಾಲೆಂಡರನ್ನು ಗೋಡೆಯಲ್ಲಿ ಕಂಡವರು ನಮ್ಮಲ್ಲಿ ಎಷ್ಟೋ ಮಂದಿ. ಪಂಡಿತರು ಪೂಜೆಯ ಗೋಡೆಗೆ ಬರೆದರು. ಖಖ್ಖರರು ಅಂಥ ಗೋಡೆಯಿಂದ ಪಟವನ್ನು ಕಿತ್ತು ತಂದರು. ಈ ವ್ಯತ್ಯಾಸ ಹೇಳದಿದ್ದರೆ ಹೋಲಿಕೆಯೇ ಸುಳ್ಳಾಗುತ್ತದೆ.

ಅಭ್ಯಾಸಕ್ಕೆ ನಮ್ಮ ನವರಂಗಪುರದ ಬಳಿಯೇ ‘ಅಮದಾವಾದ್ ನಿ ಗುಫಾ’ ಇದೆ. ದೋಶಿಯವರು ಕಟ್ಟಿ, ಹುಸೇನರು ಒಳಗೋಡೆಗೆ ಚಿತ್ರ ಬರೆದದ್ದು, ಮುಗಿದದ್ದು 1995ರಲ್ಲಿ. ನೆಲದೊಳಗಿನ ಕೋಣೆ, ಓರೆಯಾದ ಕಂಬಗಳು, ಮೇಲೆ ಚೀನೀ ಬಿಲ್ಲೆಯ ಚೂರು ಹೊದ್ದ ಗುಮ್ಮಟಗಳು. ಕಂಡದ್ದನ್ನು ಮಾತ್ರ ಒಂದು ಪುಟ ಬರೆದು ತನ್ನಿ. ‘ಅದ್ಭುತ’ ಎಂಬ ಪದ ಬೇಡ.

ನನ್ನ ಆ ಲೇಖನವನ್ನು ಸೋದರಮಾವ ಕತ್ತರಿಸಿ ಟ್ರಂಕಿನಲ್ಲಿಟ್ಟಿದ್ದಾರೆ. ತಪ್ಪೆಂದು ಎರಡು ಸಲ ಹೇಳಿದೆ, ಕೇಳಲಿಲ್ಲ. ಕಳೆದ ದೀಪಾವಳಿಗೆ ಊರಿಗೆ ಹೋದಾಗಲೂ ಕೇಳಿದರು: “ಪಾಪ, ಆ ಗಡಿಯಾರದವನಿಗೆ ಈಗ ಊಟಕ್ಕಾದರೂ ಇದೆಯೇನಪ್ಪಾ?”