ಬೆಳಕಿನ ಮರಗಸಿ

ನಮ್ಮ ತೋಟ ಇರುವುದು ಕಳಸದಿಂದ ಸ್ವಲ್ಪ ಒಳಗೆ, ಭದ್ರೆಗೆ ಸೇರುವ ಹಳ್ಳವೊಂದರ ಮಗ್ಗುಲಿನ ಇಳಿಜಾರಿನಲ್ಲಿ. ಮೇಲೆ ಅರೇಬಿಕಾ, ಕೆಳಗೆ ಒಂದಿಷ್ಟು ರೊಬಸ್ಟಾ, ಹಳ್ಳದ ಅಂಚಿಗೆ ಅಡಿಕೆ. ನಾನು ಹುಡುಗನಾಗಿದ್ದಾಗ ಏಪ್ರಿಲ್ ಬಂತೆಂದರೆ ಗೋಡೌನಿನ ಬಾಗಿಲು ತೆಗೆದ ಕೂಡಲೇ ಒಂದು ವಾಸನೆ ಮೂಗಿಗೆ ಬಡಿಯುತ್ತಿತ್ತು. ಮುಗ್ಗಲು ವಾಸನೆ, ಗಂಟಲಲ್ಲಿ ಕೂತರೆ ಸಂಜೆಯವರೆಗೂ ಹೋಗುತ್ತಿರಲಿಲ್ಲ. ಅದು ಬೋರರ್ ಔಷಧಿ. ಪುಡಿಯಾಗಿ ಬಂದರೆ ಬಿ.ಎಚ್.ಸಿ., ಡಬ್ಬಿಯಲ್ಲಿ ಎಣ್ಣೆಯ ಹಾಗೆ ಬಂದರೆ ಲಿಂಡೇನ್. ಆಳುಗಳು ಗೋಣಿತಾಟು ಹಿಡಿದು ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯುತ್ತಿದ್ದರು. ಹಿಂದಿನಿಂದ ಬಂದವರು 200 ಲೀಟರಿನ ಬ್ಯಾರೆಲ್ಲಿನಲ್ಲಿ ಕದಡಿದ ಹಾಲಿನಂಥ ನೀರನ್ನು ಬಟ್ಟೆಯಲ್ಲಿ ಅದ್ದಿ ಬುಡದಿಂದ ಮೇಲಕ್ಕೆ ಬಳಿಯುತ್ತಿದ್ದರು. ಬ್ಯಾರೆಲ್ ಕದಡುವ ಕೆಲಸಕ್ಕೆ ರಜೆಯಲ್ಲಿದ್ದ ನಾನು. ಕೈಗವಸು ಎಂಬ ಪದವೇ ನಮಗೆ ಗೊತ್ತಿರಲಿಲ್ಲ.

ಬೋರರ್ ಎಂದರೆ ಬಿಳಿ ಕಾಂಡಕೊರಕ, ಅರೇಬಿಕಾದ ಹಳೆಯ ಶತ್ರು. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡದೊಳಗೆ ಸುರಂಗ ತೋಡಿ, ತಾನು ಕೊರೆದ ಹುಡಿಯನ್ನೇ ಹಿಂದೆ ಒತ್ತಿ ದಾರಿ ಮುಚ್ಚಿಕೊಳ್ಳುತ್ತದೆ. ಒಳಗೆ ಹೋದ ಮೇಲೆ ಯಾವ ಔಷಧಿಯೂ ಮುಟ್ಟುವುದಿಲ್ಲ. ಹಾಗಾಗಿ ದುಂಬಿ ಹಾರುವ ಏಪ್ರಿಲ್-ಮೇ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್, ಈ ಎರಡು ಕಾಲದಲ್ಲಿ ಕಾಂಡಕ್ಕೆ ಬಳಿಯುವುದು. ಬಿಸಿಲು ಬೀಳುವ ಗಿಡವನ್ನೇ ದುಂಬಿ ಹುಡುಕಿಕೊಂಡು ಬರುತ್ತದೆ. ಇದನ್ನು 1925ರಿಂದ ಕಾಫಿ ಸಂಶೋಧನೆ ನಡೆದಿರುವ ಬಾಳೆಹೊನ್ನೂರಿನವರೂ ಹೇಳುತ್ತಾರೆ, ನಮ್ಮ ಅಪ್ಪಯ್ಯನೂ ಹೇಳುತ್ತಿದ್ದರು: "ನೆರಳು ಹರಿದಲ್ಲಿ ಬೋರರ್ ಬಂತು ಅಂತ ತಿಳ್ಕೊ."

ಆ ಹಾಲಿನಂಥ ನೀರಿನೊಳಗಿದ್ದದ್ದು ಬೆಳಕಿನಿಂದ ಹುಟ್ಟಿದ ವಸ್ತು ಎಂದು ತಿಳಿದದ್ದು ಎಂ.ಎಸ್ಸಿ. ಓದುವಾಗ. 1825ರಲ್ಲಿ ಬೆಂಜೀನನ್ನು ಮೊದಲು ಬೇರ್ಪಡಿಸಿದ ಮೈಕೆಲ್ ಫ್ಯಾರಡೆ ಅದೇ ವರ್ಷ ಅದಕ್ಕೆ ಕ್ಲೋರಿನ್ ಬೆರೆಸಿ ಬಿಸಿಲಿಗಿಟ್ಟ. ಹರಳು ಕಟ್ಟಿತು. ಅದೇ ಬಿ.ಎಚ್.ಸಿ. ಅದು ಹುಳ ಕೊಲ್ಲುತ್ತದೆ ಎಂದು ಲೋಕಕ್ಕೆ ತಿಳಿಯಲು ಇನ್ನೂ ನೂರು ವರ್ಷದ ಮೇಲೆ ಹಿಡಿಯಿತು. ಕಾರ್ಖಾನೆಗಳಲ್ಲೂ ಮಾಡಿದ್ದು ಅದನ್ನೇ, ಸೂರ್ಯನ ಬದಲು ಅತಿನೇರಳೆ ದೀಪ. ಬೆಳಕು ಕ್ಲೋರಿನ್ ಅಣುವನ್ನು ಎರಡಾಗಿ ಸೀಳುತ್ತದೆ. ಜೊತೆ ತಪ್ಪಿದ ಎಲೆಕ್ಟ್ರಾನ್ ಇಟ್ಟುಕೊಂಡ ಆ ತುಂಡಿಗೆ ರ‍್ಯಾಡಿಕಲ್ ಎಂದು ಹೆಸರು. ಅದು ಸುಮ್ಮನಿರುವ ಜಾತಿಯಲ್ಲ. ಬೆಂಜೀನಿಗೆ ಅಂಟುತ್ತದೆ, ಆ ಬೆಂಜೀನ್ ಇನ್ನೊಂದು ಕ್ಲೋರಿನ್ ಅಣುವನ್ನು ಸೀಳುತ್ತದೆ, ಸರಪಳಿ ನಡೆಯುತ್ತಲೇ ಇರುತ್ತದೆ. ಕೊನೆಗೆ ಆರು ಕ್ಲೋರಿನ್ ಹೊತ್ತ ಉಂಗುರ.

ಆದರೆ ಆ ಆರು ಕ್ಲೋರಿನ್ನುಗಳು ಉಂಗುರದ ಮೇಲೋ ಕೆಳಗೋ ಎಂಬುದಕ್ಕೆ ಯಾರ ಹಿಡಿತವೂ ಇಲ್ಲ. ಆದ್ದರಿಂದ ಹಲವು ರೂಪಗಳ ಕಲಬೆರಕೆ ಸಿಗುತ್ತದೆ. ಅದರಲ್ಲಿ ಹುಳಕ್ಕೆ ನಾಟುವುದು ಮುಖ್ಯವಾಗಿ ಗಾಮಾ ಎಂಬ ಒಂದು ರೂಪ, ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮಾತ್ರ. ಅದನ್ನು ಬೇರ್ಪಡಿಸಿ ಶುದ್ಧ ಮಾಡಿದರೆ ಲಿಂಡೇನ್. 1912ರಲ್ಲಿ ಈ ರೂಪವನ್ನು ಗುರುತಿಸಿದ ಡಚ್ ವಿಜ್ಞಾನಿ ವಾನ್ ಡೆರ್ ಲಿಂಡೆನ್ ಹೆಸರು ಅದಕ್ಕೆ ಬಂತು. ಅಂದರೆ ನಮ್ಮ ತೋಟದಲ್ಲಿ ಚೆಲ್ಲಿದ ಬಿ.ಎಚ್.ಸಿ. ಪುಡಿಯ ಹೆಚ್ಚಿನ ಪಾಲು ಬೋರರಿಗೆ ಏನೂ ಮಾಡದೆ ಮಣ್ಣಲ್ಲಿ ಕೂತಿತು. ಕಾಸು ಕೊಟ್ಟು ತಂದದ್ದು!

ನಾನು ಸಂಶ್ಲೇಷಣೆಯ ಕೆಲಸಕ್ಕೆ ಬೆಂಗಳೂರಿಗೆ ಬಂದಾಗ ಹ್ಯಾಲೈಡುಗಳಿಂದ, ಅಂದರೆ ಕ್ಲೋರಿನ್, ಬ್ರೋಮಿನ್, ಅಯೋಡಿನ್‌ನಂಥ ಹ್ಯಾಲೊಜೆನ್ ಹೊತ್ತ ಅಣುಗಳಿಂದ, ರ‍್ಯಾಡಿಕಲ್ ಮಾಡುವುದೆಂದರೆ ತವರದ ಹೈಡ್ರೈಡ್. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರೊ. ಎ. ಶ್ರೀಕೃಷ್ಣ ಅವರು ಬ್ರೋಮೋ ಅಸಿಟಾಲುಗಳಿಂದ ಉಂಗುರ ಕಟ್ಟುತ್ತಿದ್ದ ರೀತಿಯನ್ನು ಪ್ರಬಂಧಗಳಲ್ಲಿ ಓದಿ ಬೆರಗಾದವನು ನಾನು. ಬ್ರೋಮಿನ್ ಕಳಚಿ, ಉಳಿದ ಕಾರ್ಬನ್ ರ‍್ಯಾಡಿಕಲ್ ಪಕ್ಕದ ದ್ವಿಬಂಧಕ್ಕೆ ಬಾಗಿ ಕಟ್ಟಿಕೊಳ್ಳುವುದು ಓದಿದರೆ ಕವಿತೆಯಂತೆ. ಕೈಯಲ್ಲಿ ಮಾಡಿದರೆ ಮಾತ್ರ ತವರದ ಜಿಡ್ಡನ್ನು ಉತ್ಪನ್ನದಿಂದ ಬಿಡಿಸುವುದರಲ್ಲೇ ಮೂರು ದಿನ ಹೋಗುತ್ತಿತ್ತು, ಅದೂ ವಿಷದ ಜಿಡ್ಡು. 2008ರಲ್ಲಿ ಪ್ರಿನ್ಸ್‌ಟನ್ನಿನ ಡೇವಿಡ್ ಮ್ಯಾಕ್‌ಮಿಲನ್ ತಂಡ, ಮರುವರ್ಷ ಸ್ಟೀಫನ್‌ಸನ್ ತಂಡ, ರುಥೇನಿಯಂ ಸಂಯುಕ್ತವನ್ನೂ ಮಾಮೂಲಿ ದೀಪವನ್ನೂ ಇಟ್ಟುಕೊಂಡು ಕಾರ್ಬನ್-ಬ್ರೋಮಿನ್ ಬಂಧ ಬಿಡಿಸಿ ತೋರಿಸಿದಾಗ ನಮಗೆಲ್ಲ ಹಬ್ಬ. ಕಿತ್ತಳೆ ಬಣ್ಣದ ಆ ಸಂಯುಕ್ತ ನೀಲಿ ಬೆಳಕನ್ನು ಕುಡಿದು ಎಲೆಕ್ಟ್ರಾನ್ ಕೊಡು-ಕೊಳ್ಳುವ ದಲ್ಲಾಳಿಯಾಗುತ್ತದೆ. ಎಲೆಕ್ಟ್ರಾನ್ ಪಡೆದ ಹ್ಯಾಲೈಡ್ ತನ್ನ ಬ್ರೋಮಿನ್ನನ್ನು ಬ್ರೋಮೈಡ್ ಅಯಾನಾಗಿ ಕೈಬಿಡುತ್ತದೆ. ಅತಿನೇರಳೆಯ ಹೊಡೆತ ಬೇಡ, ತವರ ಬೇಡ.

ನಾನೂ ಅಲಂಕಾರದ ಅಂಗಡಿಯಿಂದ ನೀಲಿ ಎಲ್‌ಇಡಿ ಪಟ್ಟಿ ತಂದು, ಸ್ಟೀಲಿನ ಪಾತ್ರೆಯ ಒಳಮೈಗೆ ಸುತ್ತಿ, ನಡುವೆ ಸಣ್ಣ ಸೀಸೆ ನಿಲ್ಲಿಸಿದೆ. ಮೊದಲ ವಾರವೇ ಚೆಂದದ ಫಲ. ಗುಂಪಿನ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದೆ. ಗುಂಪು ನಡೆಸುವ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಕತ್ತಲೆಯಲ್ಲಿ ಮಾಡಿ ನೋಡಿದ್ರಾ?" ನೋಡಿರಲಿಲ್ಲ. ಮರುದಿನ ಅದೇ ಮಿಶ್ರಣವನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಅದೇ ಪಾತ್ರೆಯಲ್ಲಿಟ್ಟೆ. ಉತ್ಪನ್ನ ಬಂತು, ಹೆಚ್ಚುಕಡಿಮೆ ಅಷ್ಟೇ! ಥರ್ಮಾಮೀಟರ್ ಇಳಿಬಿಟ್ಟರೆ ಪಾತ್ರೆಯೊಳಗೆ 50 ಡಿಗ್ರಿ. ನನ್ನ ಬ್ರೋಮೋ ಕೀಟೋನಿಗೆ ಮಿಶ್ರಣದಲ್ಲಿದ್ದ ಅಮೈನ್ ಬಿಸಿಗೇ ಹತ್ತಿ ಬ್ರೋಮಿನ್ನನ್ನು ದೂಡಿತ್ತು. ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ, ಪಠ್ಯಪುಸ್ತಕದ ಹಳೆಯ ಪ್ರತಿಕ್ರಿಯೆ. ಅವತ್ತಿನಿಂದ ಹಾಳೆ ಸುತ್ತಿದ ಒಂದು ಸೀಸೆ ಪಕ್ಕದಲ್ಲಿ ನಿಲ್ಲದೆ ನಾನು ದೀಪದ ಗುಂಡಿ ಒತ್ತಿಲ್ಲ. ಫ್ಯಾನ್ ಹಾಕಿದ್ದೂ ಆಮೇಲೆಯೇ.

ಎರಡನೆಯ ಪೆಟ್ಟು ಗಾಳಿಯದು. ಆಮ್ಲಜನಕದ ಅಣುವಿನಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನ್ ಎರಡಿವೆ, ಹುಟ್ಟಿದ ರ‍್ಯಾಡಿಕಲ್ಲನ್ನು ಅದು ಬಾಗಿಲಲ್ಲೇ ಹಿಡಿಯುತ್ತದೆ. ದ್ರಾವಣವನ್ನು ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಕರಗಿಸಿ, ಹೀಗೆ ಮೂರು ಸಲ ಮಾಡಬೇಕು. ಬೇಸರದ ಕೆಲಸ. ಒಂದೇ ಸಲ ಮಾಡಿ ಬಿಟ್ಟ ದಿನಗಳಲ್ಲೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿರುವುದು ಒಂದೇ ಸಾಲು: "ಶುರುವಾಗಲಿಲ್ಲ."

ದೊಡ್ಡ ಪಾಠ ಇವೆರಡೂ ಅಲ್ಲ. ಸಣ್ಣ ಸೀಸೆಯಲ್ಲಿ ಒಂದು ಸಂಜೆಗೆ ಮುಗಿಯುತ್ತಿದ್ದ ಪ್ರತಿಕ್ರಿಯೆಯನ್ನು ಒಂದು ಲೀಟರಿನ ಗುಂಡು ಫ್ಲಾಸ್ಕಿಗೆ ಏರಿಸಿದೆ. ದೀಪ ಎರಡು ಪಟ್ಟು ಮಾಡಿದೆ. ಎರಡು ಹಗಲು ಎರಡು ರಾತ್ರಿ ಉರಿಸಿದರೂ ಬ್ರೋಮೈಡ್ ಹಾಗೇ ಕೂತಿತ್ತು. ಸಿಟ್ಟಿನಲ್ಲಿ ಮತ್ತಷ್ಟು ರುಥೇನಿಯಂ ಸುರಿದೆ. ಇನ್ನೂ ಕೆಟ್ಟಿತು. ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯ ತೋಟದ ಮಾತೆತ್ತಿದರು, ನಾನು ಫ್ಲಾಸ್ಕಿನ ಮಾತೆತ್ತಿದೆ.

"ಎಷ್ಟು ದೀಪ ಹಾಕಿದ್ರೂ ಒಳಗೆ ಬೆಳಕೇ ಹೋಗ್ತಿಲ್ಲ, ಅಪ್ಪಯ್ಯ."

"ಮೇಲೆ ಸೊಪ್ಪು ದಟ್ಟ ಆದ್ರೆ ಎಂಥ ಬಿಸಿಲಾದ್ರೂ ಕೆಳಗೆ ಬರುತ್ತಾ? ಮರಗಸಿ ಮಾಡ್ಸು ಮಾರಾಯ," ಎಂದು ನಕ್ಕರು.

ಮರಗಸಿ ಎಂದರೆ ನೆರಳುಮರದ ಕೊಂಬೆ ಕಡಿದು ಕೆಳಗೆ ಬೆಳಕು ಬಿಡುವುದು. ತಮಾಷೆಗೆ ಅಂದದ್ದು. ಆದರೆ ಕಾಗದ ತೆಗೆದು ಲೆಕ್ಕ ಹಾಕಿದರೆ ನಿಜವೇ. ಆ ರುಥೇನಿಯಂ ಸಂಯುಕ್ತ 452 ನ್ಯಾನೋಮೀಟರಿನ ನೀಲಿಯನ್ನು ಎಷ್ಟು ಗಟ್ಟಿಯಾಗಿ ಹೀರುತ್ತದೆಂದರೆ, ಲೀಟರಿಗೆ ಒಂದು ಮಿಲಿಮೋಲ್ ಇದ್ದರೆ ಗಾಜಿನಿಂದ ಮೊದಲ ಮಿಲಿಮೀಟರ್ ದಾಟುವುದರೊಳಗೇ ನೂರಕ್ಕೆ ತೊಂಬತ್ತು ಪಾಲು ಬೆಳಕು ಮುಗಿದಿರುತ್ತದೆ. ನನ್ನ ಫ್ಲಾಸ್ಕಿನ ಒಳಗೆ ಇದ್ದದ್ದು ಕಾರ್ಗತ್ತಲು. ಹೆಚ್ಚು ರುಥೇನಿಯಂ ಹಾಕಿದ್ದೆಂದರೆ ಸಿಲ್ವರ್ ಓಕ್ ಮೇಲೆ ಇನ್ನೊಂದು ಸಿಲ್ವರ್ ಓಕ್ ನೆಟ್ಟಂತೆ. ಹಾಲವಾಣದ ಕೊಂಬೆ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಮರದ ಕೆಳಗೆ ನಿಂತು, ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕೆ ನೋಡಿ ಹೇಳುತ್ತಿದ್ದರು ಅಪ್ಪಯ್ಯ, ಮರ ನೋಡಿ ಅಲ್ಲ. ನಾನು ಅಷ್ಟು ವರ್ಷ ದೀಪ ನೋಡಿಕೊಂಡೇ ಕೂತಿದ್ದೆ.

ರುಥೇನಿಯಂ ಹತ್ತರಲ್ಲೊಂದು ಪಾಲಿಗೆ ಇಳಿಸಿದೆ. ಫ್ಲಾಸ್ಕ್ ಬಿಟ್ಟು, ದೀಪದ ಸುತ್ತ ಸಣ್ಣ ಒಳವ್ಯಾಸದ ಪಾರದರ್ಶಕ ಕೊಳವೆ ಸುತ್ತಿ, ಪಂಪಿನಿಂದ ದ್ರಾವಣವನ್ನು ಅದರೊಳಗೆ ನಿಧಾನ ಹರಿಸಿದೆ. ಈಗ ಪ್ರತಿ ಹನಿಯೂ ಬೆಳಕಿನ ಪಕ್ಕದಲ್ಲೇ ಹಾದುಹೋಗುತ್ತದೆ. ಎರಡು ದಿನಕ್ಕೆ ಆಗದ್ದು ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಹೊಸಬರು ಎಷ್ಟು ವಾಟಿನ ದೀಪ ಎಂದು ಕೇಳುತ್ತಾರೆ. ಸೀಸೆ ದೀಪದಿಂದ ಎಷ್ಟು ದೂರ, ದ್ರಾವಣದ ದಪ್ಪ ಎಷ್ಟು, ಬಣ್ಣ ಎಷ್ಟು ಗಾಢ ಎಂದು ಕೇಳುವವರು ಕಡಿಮೆ.

ಹ್ಯಾಲೈಡುಗಳ ಸ್ವಭಾವವೂ ಒಂದೇ ಅಲ್ಲ. ಕಾರ್ಬನ್-ಅಯೋಡಿನ್ ಬಂಧ ಬಡಕಲು. ಅಯೋಡೈಡ್ ಸೀಸೆಯನ್ನು ಕಿಟಕಿಯ ಹತ್ತಿರ ಮರೆತರೆ ವಾರದೊಳಗೆ ಗುಲಾಬಿ, ಆಮೇಲೆ ಕಂದು. ಅದಕ್ಕೇ ಕಂದು ಸೀಸೆ, ಒಳಗೊಂದು ತಾಮ್ರದ ಚೂರು. ಬ್ರೋಮಿನ್ ನಡುವಿನದು. ಕ್ಲೋರಿನ್ ಗಟ್ಟಿ ಪಿಂಡ, ನೀಲಿ ಬೆಳಕಿನ ಒಂದು ಕಣದ ಶಕ್ತಿ ಅದರ ಬಂಧ ಮುರಿಯಲು ಸಾಲುವುದಿಲ್ಲ.

ಇದು ತಲೆಗೆ ಹೋದ ಮೇಲೆ ಗೋಡೌನಿನ ವಾಸನೆ ಮತ್ತೆ ನೆನಪಾಗತೊಡಗಿತು. ಲಿಂಡೇನಿನ ಆರು ಬಂಧಗಳೂ ಕ್ಲೋರಿನ್ನಿನವು. ನೆಲಕ್ಕೆ ತಲುಪುವ ಬಿಸಿಲಿನಲ್ಲಿ ಇರುವ ಬಣ್ಣಗಳಲ್ಲಿ ಯಾವುದನ್ನೂ ಅದು ಹೀರುವುದಿಲ್ಲ. ಬೆಳಕಿನಲ್ಲಿ ಹುಟ್ಟಿದ್ದು, ಬಿಸಿಲಿಗೆ ಹಾಕಿದರೆ ಸಾಯುವುದಿಲ್ಲ. ಮಣ್ಣಲ್ಲಿ ಬಹುಕಾಲ ಉಳಿಯುತ್ತದೆ, ಹಾಲಿಗೂ ಮೈಯ ಕೊಬ್ಬಿಗೂ ಸೇರುತ್ತದೆ. ಬಿ.ಎಚ್.ಸಿ.ಗೆ ನಮ್ಮ ದೇಶದಲ್ಲಿ 1997ರ ಏಪ್ರಿಲ್‌ನಿಂದ ನಿಷೇಧ. ಲಿಂಡೇನನ್ನು 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದರು, ಇಲ್ಲಿ ಬಳಕೆ ನಿಂತದ್ದು 2013ರ ಮಾರ್ಚ್ 25ರಿಂದ. 2021ರಲ್ಲಿ ಜೂರಿಚ್‌ನ ಮೊರಾಂಡಿ ತಂಡ ವಿದ್ಯುತ್ತಿನ ಸಹಾಯದಿಂದ ಲಿಂಡೇನಿನ ಕ್ಲೋರಿನ್ ಬಿಡಿಸಿ ಬೇರೆ ಅಣುವಿಗೆ ದಾಟಿಸಿ ತೋರಿಸಿತು. ಓದಿ ಖುಷಿಯಾಯಿತು. ನಮ್ಮೂರ ಗೋಡೌನಿಗೆ ಅದು ಬರುವುದು ಯಾವ ಕಾಲಕ್ಕೋ. ಇದೆಲ್ಲ ತಿಳಿದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ: ಯಾವ ಹ್ಯಾಲೈಡಿನ ಸೀಸೆ ತೆರೆಯುವ ಮೊದಲೂ ಕಳಚಿದ ಹ್ಯಾಲೊಜೆನ್ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ನೋಟ್‌ಬುಕ್ಕಿನ ಮೊದಲ ಸಾಲಲ್ಲಿ ಬರೆಯುತ್ತೇನೆ. ಸಹೋದ್ಯೋಗಿಗಳು ನಗುತ್ತಾರೆ.

ಅಪ್ಪಯ್ಯ ಈಗಿಲ್ಲ. ತೋಟವನ್ನು ತಮ್ಮ ನೋಡಿಕೊಳ್ಳುತ್ತಾನೆ. ಹೂಮಳೆ ಮುಗಿದು ಮುಂಗಾರು ಹಿಡಿಯುವುದರೊಳಗೆ ಮರಗಸಿ, ವರ್ಷಕ್ಕೆರಡು ಸಲ ಬೋರರ್ ಹಿಡಿದ ಗಿಡ ಹುಡುಕಿ ಕಿತ್ತು ಸುಡುವುದು, ಬಿಸಿಲು ಬೀಳುವ ಜಾಗಕ್ಕೆ ಹಾಲವಾಣದ ಗೂಟ ನೆಡುವುದು. ಖರ್ಚು ಜಾಸ್ತಿ, ಆಳು ಸಿಗುವುದಿಲ್ಲ ಎಂದು ಗೊಣಗುತ್ತಾನೆ, ಗೊಣಗುವುದರಲ್ಲಿ ತಪ್ಪಿಲ್ಲ.

ಹೋದ ಸಲ ಊರಿಗೆ ಹೋದಾಗ ಗೋಡೌನಿನ ಅಟ್ಟದಲ್ಲಿ ತುಕ್ಕು ಹಿಡಿದ ಒಂದು ಡಬ್ಬಿ ಸಿಕ್ಕಿತು. ಚೀಟಿ ಉದುರಿತ್ತು, ವಾಸನೆ ಉದುರಿರಲಿಲ್ಲ. ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಹಳೆಯ ತೋಟದವರೇ, ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇರಬಹುದು, ಒಮ್ಮೆ ಹತ್ತಿ ನೋಡಿ. ಸಿಕ್ಕರೆ ಹಳ್ಳಕ್ಕೆ ಸುರಿಯಬೇಡಿ, ಗುಂಡಿ ತೋಡಿ ಹೂಳಬೇಡಿ, ಒಲೆಗೂ ಹಾಕಬೇಡಿ. ಕೈಗವಸು ಹಾಕಿಕೊಂಡು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನೊಳಗಿಟ್ಟು, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದಲ್ಲಿಟ್ಟು ಕೃಷಿ ಇಲಾಖೆಯವರಿಗೆ ತಿಳಿಸಿ. ಅವರು ಬರುವುದು ತಡವಾದರೆ ಮತ್ತೊಮ್ಮೆ ಹೇಳಿ.