ಸರಾಸರಿ ಹೆಚ್ಚಾದರೆ ತಳಿ ಮೇಲಾಯಿತೇ?

ಮುಂಗಾರು ಬಿತ್ತನೆಗೆ ಮುಂಚೆ ರೈತ ಬಾಂಧವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಯಾವ ವರ್ಷವೂ ತಪ್ಪುವುದಿಲ್ಲ. "ಈ ಬೀಜ ಹಾಕಿದರೆ ಎಕರೆಗೆ ಎರಡು ಚೀಲ ಜಾಸ್ತಿ ಬರುತ್ತದೆ ಅಂತಾರಲ್ಲ, ನಿಜವೇ?" ಪ್ರಶ್ನೆ ಚಿಕ್ಕದು. ಇದಕ್ಕೆ ಸರಿಯಾಗಿ ಉತ್ತರ ಹೇಳಲು ಒಂದು ಲೆಕ್ಕವಿದೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಲ್ಲವರು ಯಾರಾದರೂ ಅದನ್ನು ಮಾಡಬಹುದು. ಆ ಲೆಕ್ಕವನ್ನು ನಾನು ಕಲಿತದ್ದು ಕಾಲೇಜಿನಲ್ಲಿ. ಅದರ ಬೆಲೆ ತಿಳಿದದ್ದು ಒಂದು ತಪ್ಪು ಮಾಡಿದ ಮೇಲೆ.

ಕೆಲಸಕ್ಕೆ ಸೇರಿದ ಹೊಸದು. ಒಂದು ಊರಿನಲ್ಲಿ ಹಿರಿಯ ರೈತರೊಬ್ಬರ ಒಂದು ಎಕರೆ ಖುಷ್ಕಿ ಹೊಲವನ್ನು ಎರಡು ಭಾಗ ಮಾಡಿಸಿ, ಮೂಡಲ ಭಾಗಕ್ಕೆ ಹೊಸ ರಾಗಿ ತಳಿಯನ್ನೂ ಪಡುವಲ ಭಾಗಕ್ಕೆ ಅವರ ಮನೆ ಬೀಜವನ್ನೂ ಬಿತ್ತಿಸಿದೆ. ಕಣದಲ್ಲಿ ತೂಕ ಹಾಕಿದಾಗ ಹೊಸ ತಳಿಯ ಕಡೆ ಒಂದೂವರೆ ಚೀಲ ಹೆಚ್ಚು ಬಂತು. ಊರವರನ್ನೆಲ್ಲ ಸೇರಿಸಿ ಕ್ಷೇತ್ರೋತ್ಸವ ಮಾಡಿದೆವು. ಮರು ವರ್ಷ ಹಲವರು ಮನೆ ಬೀಜವನ್ನು ಹಿಟ್ಟಿಗೆ ಹಾಕಿಸಿ, ದುಡ್ಡು ಕೊಟ್ಟು ಹೊಸ ಬೀಜ ತಂದು ಬಿತ್ತಿದರು. ಇಳುವರಿ ಏರಲಿಲ್ಲ. ಕೆಲವರಿಗೆ ಮೊದಲಿಗಿಂತ ಕಡಿಮೆಯೇ ಬಂತು.

ಹಿರಿಯರ ಜಗುಲಿಯ ಮೇಲೆ ಕುಳಿತು, "ಯಜಮಾನರೇ, ನಿಮ್ಮ ಹೊಲದಲ್ಲಿ ಬಂದದ್ದು ಇವರಿಗೆ ಯಾಕೆ ಬರಲಿಲ್ಲ?" ಎಂದು ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, "ಸ್ವಾಮಿ, ಆ ಬೇಸಿಗೇಲಿ ಮೂಡಲ ಕಡೆ ಎಂಟು ರಾತ್ರಿ ಕುರಿ ಮಂದೆ ನಿಲ್ಲಿಸಿದ್ದೆ. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ" ಎಂದರು.

ಹೆಚ್ಚು ಬಂದದ್ದು ಬೀಜದಿಂದಲೋ ಕುರಿ ಗೊಬ್ಬರದಿಂದಲೋ? ಎರಡೇ ತುಂಡು ಮಾಡಿ, ಒಂದಕ್ಕೊಂದು ತೂಗಿದ ನನ್ನ ಬಳಿ ಅದನ್ನು ಬೇರ್ಪಡಿಸುವ ಉಪಾಯವೇ ಇರಲಿಲ್ಲ.

ಒಂದೇ ಹೊಲ, ಹಲವು ಭೂಮಿ

ಕುರಿ ಮಂದೆ ನಿಲ್ಲಿಸದಿದ್ದರೂ ಹೊಲ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಹೊಲದ ತಲೆಯಲ್ಲಿ ಮಣ್ಣು ತೆಳು, ತಗ್ಗಿನಲ್ಲಿ ಆಳ. ಬದುವಿನ ಮರದ ನೆರಳು ಒಂದು ಕಡೆ, ಹಳೆಯ ತಿಪ್ಪೆಯ ಜಾಗ ಇನ್ನೊಂದು ಕಡೆ. ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ದಿನದ ಬಿತ್ತನೆ ಇಟ್ಟುಕೊಂಡು ಹೊಲವನ್ನು ಗುಂಟೆ ಗುಂಟೆಯಾಗಿ ಕೊಯ್ದು ತೂಗಿ ನೋಡಿ. ಎರಡು ಗುಂಟೆಗಳ ತೂಕ ಸರಿಹೊಂದುವುದು ಅಪರೂಪ. ಬೀಜದ ಯಾವ ವ್ಯತ್ಯಾಸವೂ ಇಲ್ಲದೆ ತಾನಾಗಿಯೇ ಬರುವ ಈ ಏರುಪೇರನ್ನು ಮೊದಲು ಅಳೆಯಬೇಕು. ಎರಡು ತಳಿಗಳ ಸರಾಸರಿಗಳ ಅಂತರ ಈ ಏರುಪೇರಿಗಿಂತ ಸಾಕಷ್ಟು ದೊಡ್ಡದಾಗಿದ್ದರೆ ಮಾತ್ರ ತಳಿಗೆ ಶಹಬಾಸ್ ಹೇಳಬಹುದು.

ಈ ವಿಚಾರವನ್ನು ಲೆಕ್ಕಕ್ಕೆ ಇಳಿಸಿದವರು ಆರ್. ಎ. ಫಿಷರ್. ಇಂಗ್ಲೆಂಡಿನ ಹಾರ್ಪೆಂಡೆನ್ ಊರಿನ ರೋಥಾಮ್‌ಸ್ಟೆಡ್ ಪ್ರಯೋಗ ಕ್ಷೇತ್ರದಲ್ಲಿ 1843ರಿಂದಲೂ ಗೋಧಿಗೆ ಬಗೆಬಗೆಯ ಗೊಬ್ಬರ ಕೊಟ್ಟು ಇಳುವರಿಯನ್ನು ಬರೆದಿಡುತ್ತಾ ಬಂದಿದ್ದರು. ಹೀಗೆ ಕೂಡಿಬಿದ್ದ ಅಂಕಿಗಳಿಂದ ಏನು ತಿಳಿಯುತ್ತದೆಂದು ನೋಡಲು 1919ರಲ್ಲಿ ಫಿಷರ್ ಅವರನ್ನು ಅಲ್ಲಿಗೆ ಕರೆಸಿಕೊಂಡರು. ಆಲೂಗಡ್ಡೆಯ ತಳಿ ಮತ್ತು ಗೊಬ್ಬರಗಳ ಒಂದು ಪ್ರಯೋಗದ ಇಳುವರಿಯನ್ನು ಅವರು ಡಬ್ಲ್ಯು. ಎ. ಮೆಕೆಂಜಿಯವರೊಡನೆ ಹೊಸ ರೀತಿಯಲ್ಲಿ ಬಿಡಿಸಿ 1923ರಲ್ಲಿ ಪ್ರಕಟಿಸಿದರು. 1925ರಲ್ಲಿ ಬಂದ ಅವರ ಪುಸ್ತಕದಿಂದ ಇದು ಎಲ್ಲೆಡೆ ಹರಡಿತು. ಇದನ್ನೇ ಅನಾಲಿಸಿಸ್ ಆಫ್ ವೇರಿಯನ್ಸ್, ಎಂದರೆ ವ್ಯತ್ಯಾಸ ವಿಶ್ಲೇಷಣೆ, ಎನ್ನುತ್ತಾರೆ. ಇಂದು ಔಷಧಿಗಳ ಪರೀಕ್ಷೆಯಲ್ಲೂ ಕಾರ್ಖಾನೆಗಳಲ್ಲೂ ಬಳಸುವ ಈ ಲೆಕ್ಕ ಹುಟ್ಟಿದ್ದು ಹೊಲದಲ್ಲಿ ಎಂಬುದು ನಮಗೆ ಹೆಮ್ಮೆಯ ವಿಷಯವೇ ಸರಿ.

ತಾಕುಗಳನ್ನು ಹಾಕುವ ಬಗೆ

ಲೆಕ್ಕ ಶುರುವಾಗುವುದು ಕಾಗದದ ಮೇಲಲ್ಲ, ಬಿತ್ತನೆಯ ದಿನ. ನಿಮ್ಮ ಮನೆ ಬೀಜ 'ಅ', ಹೊಸ ತಳಿಗಳು 'ಬ' ಮತ್ತು 'ಕ' ಎಂದಿಟ್ಟುಕೊಳ್ಳಿ. 12 ಗುಂಟೆ ಜಾಗ ಸಾಕು. ಇಳಿಜಾರಿಗೆ ಅಡ್ಡವಾಗಿ ನಾಲ್ಕು ಪಟ್ಟೆ ಮಾಡಿ. ತಲೆಯದು ಮೊದಲನೆಯದು, ತಗ್ಗಿನದು ನಾಲ್ಕನೆಯದು. ಪ್ರತಿ ಪಟ್ಟೆಯಲ್ಲೂ ಅಕ್ಕಪಕ್ಕದಲ್ಲಿ ಒಂದೊಂದು ಗುಂಟೆಯ ಮೂರು ತಾಕು ಮಾಡಿ ಮೂರು ಬೀಜಗಳನ್ನೂ ಬಿತ್ತಿ. ಆಗ ಮೂರು ಬೀಜಗಳಿಗೂ ತೆಳು ಮಣ್ಣಿನ ಪಾಲೂ ಆಳ ಮಣ್ಣಿನ ಪಾಲೂ ಸಮನಾಗಿ ಸಿಗುತ್ತವೆ.

ಪಟ್ಟೆಯೊಳಗೆ ಯಾವ ಬೀಜ ಎಲ್ಲಿಗೆ ಎಂಬುದನ್ನು ನೀವು ನಿರ್ಧರಿಸಬೇಡಿ. ಮೂರು ಚೀಟಿ ಬರೆದು ಚೊಂಬಿಗೆ ಹಾಕಿ, ಮಗುವಿನ ಕೈಯಲ್ಲಿ ಎತ್ತಿಸಿ. ಪ್ರತಿ ಪಟ್ಟೆಗೂ ಹೊಸದಾಗಿ ಎತ್ತಿಸಿ. ಇದು ಆಟವಲ್ಲ. ದುಡ್ಡು ಕೊಟ್ಟು ತಂದ ಬೀಜಕ್ಕೆ ಒಳ್ಳೆಯ ಜಾಗ ಕೊಡಬೇಕೆಂದು ಎಂಥವರ ಮನಸ್ಸೂ ತಮಗರಿವಿಲ್ಲದೆ ಬಯಸುತ್ತದೆ. ಚೀಟಿಗೆ ಆ ಆಸೆ ಇಲ್ಲ. ಮುಂದೆ ಹೇಳುವ ಲೆಕ್ಕವೂ ಚೀಟಿ ಎತ್ತಿದ ಹೊಲಕ್ಕೆ ಮಾತ್ರ ನಿಜವಾಗಿ ಅನ್ವಯಿಸುತ್ತದೆ.

ಗೊಬ್ಬರ, ಕಳೆ, ಕುಂಟೆ ಎಲ್ಲವೂ ಎಲ್ಲ ತಾಕಿಗೂ ಒಂದೇ ಸಮ, ಒಂದೇ ದಿನ. ಕೊಯ್ಲಿನಲ್ಲಿ ಪ್ರತಿ ತಾಕಿನ ಅಂಚಿನ ಸಾಲುಗಳನ್ನು ಬಿಟ್ಟು ಒಳಗಿನದನ್ನು ಮಾತ್ರ ತೂಗಿ, ಗುಂಟೆಗೆ ಲೆಕ್ಕ ಹಾಕಿ. ಕಾಳು ಒಂದೇ ಸಮ ಒಣಗಿರಲಿ. ಹಸಿ ಕಾಳಿನಲ್ಲಿ ನೀರು ತೂಗುತ್ತದೆ.

ಲೆಕ್ಕ

ಕೆಳಗಿನವು ರೀತಿ ತಿಳಿಯಲೆಂದು ಸುಲಭವಾಗಿ ಭಾಗವಾಗುವಂತೆ ನಾನೇ ಮಾಡಿಕೊಂಡ ಅಂಕಿಗಳು. ಯಾವ ತಳಿಯ ಇಳುವರಿಯೂ ಅಲ್ಲ. ಗುಂಟೆಗೆ ಬಂದ ಕಿಲೋ ಎಂದು ಓದಿಕೊಳ್ಳಿ.

ಮೊದಲ ಪಟ್ಟೆ: ಅ 17, ಬ 20, ಕ 23 — ಸರಾಸರಿ 20
ಎರಡನೇ ಪಟ್ಟೆ: ಅ 21, ಬ 23, ಕ 22 — ಸರಾಸರಿ 22
ಮೂರನೇ ಪಟ್ಟೆ: ಅ 24, ಬ 24, ಕ 27 — ಸರಾಸರಿ 25
ನಾಲ್ಕನೇ ಪಟ್ಟೆ: ಅ 26, ಬ 29, ಕ 32 — ಸರಾಸರಿ 29
ಬೀಜದ ಸರಾಸರಿ: ಅ 22, ಬ 24, ಕ 26. ಇಡೀ ಹೊಲದ ಸರಾಸರಿ 24.

ಮೊದಲು ಒಂದು ವಿಚಿತ್ರ ನೋಡಿ. ತಗ್ಗಿನಲ್ಲಿದ್ದ ಮನೆ ಬೀಜ 26 ಕೊಟ್ಟಿದೆ, ತಲೆಯಲ್ಲಿದ್ದ 'ಕ' ತಳಿ 23 ಮಾತ್ರ. ಈ ಎರಡು ತಾಕುಗಳನ್ನಷ್ಟೇ ಕಂಡವರು 'ಕ' ತಳಿಯನ್ನು ಹೀಗಳೆದು ಮನೆಗೆ ಹೋಗುತ್ತಿದ್ದರು. ನಾನು ಹಿಂದೆ ಮಾಡಿದ್ದು ಇದರ ತಿರುಗುಮುರುಗು ತಪ್ಪು.

ಈಗ 12 ತಾಕುಗಳ ಒಟ್ಟು ಏರುಪೇರು ಎಷ್ಟು? ಪ್ರತಿ ತಾಕಿನ ತೂಕದಿಂದ 24 ಕಳೆಯಿರಿ. ಕೆಲವು ಹೆಚ್ಚು, ಕೆಲವು ಕಡಿಮೆ. ಹಾಗೆಯೇ ಕೂಡಿದರೆ ಒಂದನ್ನೊಂದು ಹೊಡೆದುಕೊಂಡು ಸೊನ್ನೆಯಾಗುತ್ತದೆ. ಆದುದರಿಂದ ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿ ವರ್ಗ ಮಾಡಿ ಕೂಡಬೇಕು. ಮೊದಲ ತಾಕಿಗೆ 17ರಲ್ಲಿ 24 ಕಳೆದರೆ 7 ಕಡಿಮೆ, ಅದರ ವರ್ಗ 49. ಹೀಗೆ ಹನ್ನೆರಡನ್ನೂ ಕೂಡಿದರೆ 182. ಇದು ಒಟ್ಟು ಆಸ್ತಿ. ಇದನ್ನು ಮೂವರಿಗೆ ಪಾಲು ಮಾಡಬೇಕು.

ಬೀಜಗಳ ಪಾಲು: ಸರಾಸರಿ 22, 24, 26; ಇವು 24ರಿಂದ 2, 0, 2 ದೂರ. ವರ್ಗಗಳು 4, 0, 4, ಮೊತ್ತ 8. ಪ್ರತಿ ಬೀಜಕ್ಕೂ ನಾಲ್ಕು ತಾಕು ಇರುವುದರಿಂದ 4ರಿಂದ ಗುಣಿಸಿದರೆ 32.

ಪಟ್ಟೆಗಳ ಪಾಲು: ಸರಾಸರಿ 20, 22, 25, 29; ದೂರ 4, 2, 1, 5. ವರ್ಗಗಳ ಮೊತ್ತ 46. ಪ್ರತಿ ಪಟ್ಟೆಯಲ್ಲೂ ಮೂರು ತಾಕು, ಆದ್ದರಿಂದ 138.

ಉಳಿಕೆ: 182ರಲ್ಲಿ 32 ಮತ್ತು 138 ಕಳೆದರೆ 12. ಬೀಜವೂ ಕಾರಣವಲ್ಲ, ಇಳಿಜಾರೂ ಕಾರಣವಲ್ಲ; ಇಲಿ, ನೆರಳು, ಕೂರಿಗೆಯ ಕೈ, ತೂಕದ ಹೆಚ್ಚುಕಡಿಮೆ ಎಲ್ಲ ಸೇರಿದ ಏರುಪೇರು ಇದು. ನಮ್ಮ ಅಳತೆಗೋಲು ಇದೇ.

ಆದರೆ 32ನ್ನೂ 12ನ್ನೂ ನೇರವಾಗಿ ಹೋಲಿಸಬಾರದು, ಏಕೆಂದರೆ ಅವು ಬೇರೆ ಬೇರೆ ಎಣಿಕೆಯ ಹೋಲಿಕೆಗಳಿಂದ ಬಂದವು. ಮೂರು ಬೀಜಗಳ ಸರಾಸರಿಯಲ್ಲಿ ಎರಡು ಗೊತ್ತಾದರೆ, ಇಡೀ ಹೊಲದ ಸರಾಸರಿಯಿಂದ ಮೂರನೆಯದು ತಾನಾಗಿಯೇ ಗೊತ್ತಾಗುತ್ತದೆ. ಆದುದರಿಂದ ಬೀಜಕ್ಕೆ 2. ಹಾಗೆಯೇ ಪಟ್ಟೆಗೆ 3, ಒಟ್ಟು ತಾಕಿಗೆ 11. ಉಳಿಕೆಗೆ 11ರಲ್ಲಿ 2 ಮತ್ತು 3 ಕಳೆದು 6. ಪಾಲನ್ನು ಈ ಸಂಖ್ಯೆಯಿಂದ ಭಾಗಿಸಿ. ಬೀಜಕ್ಕೆ 32ನ್ನು 2ರಿಂದ, 16. ಉಳಿಕೆಗೆ 12ನ್ನು 6ರಿಂದ, 2. ಈಗ 16ನ್ನು 2ರಿಂದ ಭಾಗಿಸಿದರೆ 8. ಇದನ್ನು 'ಎಫ್' ಎನ್ನುತ್ತಾರೆ. ಫಿಷರ್ ಅವರ ಗೌರವಾರ್ಥ ಅಮೆರಿಕದ ಸ್ನೆಡೆಕರ್ ಇಟ್ಟ ಅಕ್ಷರವಿದು.

ಬೀಜಗಳಲ್ಲಿ ಯಾವ ಭೇದವೂ ಇಲ್ಲದಿದ್ದರೆ ಎಫ್ ಸುಮಾರು 1ರ ಆಸುಪಾಸಿನಲ್ಲಿರಬೇಕು. ಬರೀ ಅದೃಷ್ಟದಿಂದಲೂ ಅದು ಏರಬಹುದು. ಎಷ್ಟು ಏರಬಹುದೆಂದು ಕೋಷ್ಟಕದಲ್ಲಿ ಅಚ್ಚಾಗಿರುತ್ತದೆ. 2 ಮತ್ತು 6ರ ಜೋಡಿಗೆ ಅಲ್ಲಿರುವ ಅಂಕಿ 5.14. ಎಂದರೆ, ಭೇದವಿಲ್ಲದ ಬೀಜಗಳನ್ನು ಹೀಗೆ ನೂರು ಸಲ ಬಿತ್ತಿದರೆ ಸುಮಾರು ಐದು ಸಲ ಮಾತ್ರ ಎಫ್ 5.14ನ್ನು ದಾಟೀತು. ನಮ್ಮದು 8. ಆದುದರಿಂದ ಮೂರು ಬೀಜಗಳೂ ಒಂದೇ ಎಂದು ಹೇಳಲು ಈ ಹೊಲ ಒಪ್ಪುವುದಿಲ್ಲ.

ಪಟ್ಟೆ ಮರೆತರೆ?

ಪಟ್ಟೆಯ ಪಾಲನ್ನು ಬೇರೆ ತೆಗೆಯದಿದ್ದರೆ ಏನಾಗುತ್ತಿತ್ತು? 138 ಹೋಗಿ ಉಳಿಕೆಗೇ ಸೇರಿ ಅದು 150 ಆಗುತ್ತಿತ್ತು. 9ರಿಂದ ಭಾಗಿಸಿದರೆ 16.67. ಬೀಜದ 16ನ್ನು ಇದರಿಂದ ಭಾಗಿಸಿದರೆ ಎಫ್ 1ಕ್ಕೂ ಕಡಿಮೆ. ಅದೇ ಹೊಲ, ಅದೇ ತೂಕ, ಆದರೆ ಬೀಜದ ಗುಣ ಇಳಿಜಾರಿನ ಏರುಪೇರಿನಲ್ಲಿ ಮುಳುಗಿ ಹೋಗುತ್ತಿತ್ತು. ಇಳಿಜಾರು ಯಾವ ಕಡೆಗೆ, ಮಂದೆ ಎಲ್ಲಿ ನಿಂತಿತ್ತು, ತಿಪ್ಪೆ ಎಲ್ಲಿತ್ತು ಎಂಬುದು ವಿಜ್ಞಾನಿಗಿಂತ ಹೊಲದ ಯಜಮಾನನಿಗೆ ಚೆನ್ನಾಗಿ ಗೊತ್ತು. ಪಟ್ಟೆ ಹಾಕುವಾಗ ನೀವು ಬಾಯಿ ಬಿಡಬೇಕು. ನಮ್ಮವರು ಕೇಳದಿದ್ದರೂ ಹೇಳಿ.

ಯಾವ ಬೀಜ ಮೇಲು?

ಎಫ್ ಹೇಳುವುದು "ಎಲ್ಲವೂ ಒಂದೇ ಅಲ್ಲ" ಎಂದಷ್ಟೇ. ಯಾವುದು ಯಾವುದಕ್ಕಿಂತ ಮೇಲು ಎಂಬುದಕ್ಕೆ ನಿರ್ಣಾಯಕ ವ್ಯತ್ಯಾಸವನ್ನು ಲೆಕ್ಕ ಹಾಕಬೇಕು. ನಮ್ಮ ವರದಿಗಳ ಕೋಷ್ಟಕಗಳ ಕೆಳಗೆ 'ಸಿ.ಡಿ.' ಎಂದು ಅಚ್ಚಾಗುವುದು ಇದೇ. ಉಳಿಕೆಯ 2ನ್ನು ಇಮ್ಮಡಿ ಮಾಡಿದರೆ 4. ಪಟ್ಟೆಗಳ ಸಂಖ್ಯೆ 4ರಿಂದ ಭಾಗಿಸಿದರೆ 1. ಅದರ ವರ್ಗಮೂಲ 1. ಇದನ್ನು 6ಕ್ಕೆ ಕೋಷ್ಟಕ ಕೊಡುವ 2.45ರಿಂದ ಗುಣಿಸಿದರೆ 2.45 ಕಿಲೋ. ಎರಡು ಸರಾಸರಿಗಳ ಅಂತರ ಇದಕ್ಕಿಂತ ಹೆಚ್ಚಿದ್ದರೆ ನಂಬಬಹುದು.

'ಕ' ಮತ್ತು 'ಅ' ನಡುವೆ 4 ಕಿಲೋ, ಎಕರೆಗೆ ಲೆಕ್ಕ ಹಾಕಿದರೆ 1 ಕ್ವಿಂಟಲ್ 60 ಕಿಲೋ. ಇದು ನಂಬಲರ್ಹ. 'ಬ' ಮತ್ತು 'ಅ' ನಡುವೆ 2 ಕಿಲೋ ಮಾತ್ರ. 'ಬ' ಮೇಲೆಂದು ಹೇಳಲು ಸಾಕ್ಷಿ ಸಾಲದು. ಹಾಗೆಂದು ಎರಡೂ ಸಮ ಎಂದು ಸಾಬೀತಾಯಿತೆಂದು ತಿಳಿಯಬೇಡಿ. ಇನ್ನೂ ಹೆಚ್ಚು ಪಟ್ಟೆ ಹಾಕಿದ್ದರೆ ಆ 2 ಕಿಲೋ ನಿಜವೆಂದು ಕಾಣಬಹುದಿತ್ತು, ಕಾಣದೆಯೂ ಇರಬಹುದಿತ್ತು.

ಎಫ್ ನೋಡದೆ ನೇರವಾಗಿ ಎರಡೆರಡನ್ನೇ ಹೋಲಿಸಬಾರದೇ ಎಂದು ನೀವು ಕೇಳಬಹುದು. ಮೂರು ಬೀಜಕ್ಕೆ ಮೂರು ಜೋಡಿ. ಆರು ಬೀಜಕ್ಕೆ ಹದಿನೈದು ಜೋಡಿ. ಒಂದೊಂದು ಹೋಲಿಕೆಯಲ್ಲೂ ನೂರಕ್ಕೆ ಐದರಷ್ಟು ಮೋಸ ಹೋಗುವ ಸಂಭವವಿದ್ದರೆ, ಹದಿನೈದರಲ್ಲಿ ಎಲ್ಲಾದರೊಂದು ಕಡೆ ಸುಳ್ಳು ಹುಲಿ ಕಾಣಿಸುವ ಸಂಭವ ಅದಕ್ಕಿಂತ ಬಹಳ ಹೆಚ್ಚು. ಆದುದರಿಂದ ಮೊದಲು ಎಲ್ಲವನ್ನೂ ಒಟ್ಟಿಗೆ ಕೇಳಬೇಕು. ಎಫ್ ಒಪ್ಪಿದ ಮೇಲೆ, ಬಿತ್ತುವ ಮುಂಚೆಯೇ ಮನಸ್ಸಿನಲ್ಲಿದ್ದ ಹೋಲಿಕೆಗಳನ್ನು ಮಾತ್ರ ಸಿ.ಡಿ.ಯಿಂದ ನೋಡಬೇಕು. ಹದಿನೈದು ತಳಿ ಹಾಕಿ, ಕೊನೆಗೆ ಎಲ್ಲಕ್ಕಿಂತ ಮೇಲಿನದನ್ನೂ ಎಲ್ಲಕ್ಕಿಂತ ಕೆಳಗಿನದನ್ನೂ ಮಾತ್ರ ಹಿಡಿದು ತೋರಿಸುವವರ ಮಾತನ್ನು ನಾನಂತೂ ಸುಲಭವಾಗಿ ನಂಬುವುದಿಲ್ಲ.

ಇನ್ನೊಂದು ತಪ್ಪು ಬಹಳ ಕಡೆ ಕಾಣುತ್ತದೆ. ಒಂದೇ ತಾಕಿನಿಂದ ಹತ್ತು ತೆನೆ ಕಿತ್ತು ತೂಗಿ, ಹತ್ತು ಸಲ ಪ್ರಯೋಗ ಮಾಡಿದಂತೆ ಲೆಕ್ಕ ಹಾಕುತ್ತಾರೆ. ಹತ್ತು ತೆನೆಗಳೂ ಒಂದೇ ಮಣ್ಣು ಉಂಡವು. ಅವು ಹತ್ತು ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿಯ ಹತ್ತು ಮಾತು.

ಅಂತರ ನಿಜವೇ ಎಂದು ಈ ಲೆಕ್ಕ ಹೇಳುತ್ತದೆ. ಲಾಭವೇ ಎಂದು ಹೇಳುವುದಿಲ್ಲ. ಬೀಜದ ಬೆಲೆ ಎಷ್ಟು, ರಾಗಿ ಹುಲ್ಲು ಎಷ್ಟು ಬಂತು, ದನ ಅದನ್ನು ತಿನ್ನುತ್ತವೆಯೇ, ಮುದ್ದೆಗೆ ಹಿಟ್ಟು ಹೇಗಿದೆ ಎಂಬುದನ್ನು ಮನೆಯವರೊಡನೆ ಕುಳಿತು ಬೇರೆ ನೋಡಬೇಕು. ಕಾಳು ತೂಗಿದ ದಿನವೇ ಪ್ರತಿ ತಾಕಿನ ಹುಲ್ಲನ್ನೂ ತೂಗಿ ಬರೆದಿಡಿ. ಅದಕ್ಕೂ ಇದೇ ಲೆಕ್ಕ.

ಕೊಯ್ಲಾದ ಮೇಲೆ ಗೂಟಗಳನ್ನು ಕೀಳಬೇಡಿ. ಒಂದು ಮಳೆಗಾಲದಲ್ಲಿ ಗೆದ್ದ ತಳಿ ಮಳೆ ಹಿಂದುಮುಂದಾದ ಇನ್ನೊಂದು ವರ್ಷ ಸೋಲಬಹುದು. ಮುಂದಿನ ಮುಂಗಾರಿಗೆ ಅದೇ ಪಟ್ಟೆಗಳಲ್ಲಿ ಚೀಟಿ ಮಾತ್ರ ಹೊಸದಾಗಿ ಎತ್ತಿಸಿ, ಇನ್ನೊಮ್ಮೆ ಬಿತ್ತಿ ತೂಗಿ. ಅಲ್ಲಿಯವರೆಗೆ ಮನೆ ಬೀಜದ ಒಂದು ಮೂಟೆ ಅಟ್ಟದ ಮೇಲೆಯೇ ಇರಲಿ.