ಮಧ್ಯಾಹ್ನದ ಪಾಳಿಯವರು

ಅಂಡಾಶಯದ ಕ್ಯಾನ್ಸರ್ ಮರಳಿ ಬಂದು, ಇನ್ನು ಕೀಮೋ ಕೊಟ್ಟು ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದಾಗ ನನ್ನ ಹೆಂಡತಿ ಕೇಳಿದ್ದು ಒಂದೇ: ‘ನನ್ನನ್ನ ಮನೆಗೆ ಕರ್ಕೊಂಡು ಹೋಗಿ.’ ಮಕ್ಕಳು ದೂರದೂರಿನಲ್ಲಿದ್ದರು. ಬೆಂಗಳೂರಿನ ಕೆ.ಆರ್. ಪುರದ ಮನೆಯಲ್ಲಿ ನಾವಿಬ್ಬರೇ.

‘ಧೈರ್ಯವಾಗಿರಿ’ ಎಂದವರು ಬಹಳ ಮಂದಿ. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ನನ್ನನ್ನು ನಿಲ್ಲಿಸಿದ್ದು ಒಂದೊಂದು ಕೆಲಸವನ್ನು ಕೇಳದೆಯೇ ವಹಿಸಿಕೊಂಡವರು. ಎದುರು ಮನೆಯವರು ಬೆಳಿಗ್ಗೆ ಗಂಜಿ ತಂದಿಡುತ್ತಿದ್ದರು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಮಧ್ಯಾಹ್ನದ ಪಾಳಿ ಅವಳ ಭಜನಾ ಮಂಡಳಿಯ ಗೆಳತಿಯರದಾಯಿತು. ಮೈ ಒರೆಸಿ, ತಲೆ ಬಾಚಿ, ಮಂಚದ ಪಕ್ಕದಲ್ಲೇ ಮಲ್ಲಿಗೆ ಕಟ್ಟುತ್ತ ಕೂರುತ್ತಿದ್ದರು. ಗಂಡನ ಮುಂದೆ ಆಡಲಾಗದ ಎಷ್ಟೋ ಮಾತನ್ನು ಅವಳು ಅವರ ಹತ್ತಿರ ಆಡಿಕೊಂಡಳು. ಅಷ್ಟು ಹೊತ್ತು ನಾನು ಒಳಗೆ ಮಲಗಿ ನಿದ್ದೆ ಮಾಡುತ್ತಿದ್ದೆ. ಆ ನಿದ್ದೆ ಇಲ್ಲದಿದ್ದರೆ ರಾತ್ರಿ ಅವಳನ್ನು ನೋಡಿಕೊಳ್ಳಲು ನನ್ನಿಂದ ಆಗುತ್ತಲೇ ಇರಲಿಲ್ಲ.

ಹಿಂದಿನ ಬೀದಿಯ ಹಿರಿಯರೊಬ್ಬರು ಇದೇ ಕಾಯಿಲೆಯಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದರು. ಮಾರತಹಳ್ಳಿಯ ಕರುಣಾಶ್ರಯಕ್ಕೆ ಫೋನ್ ಮಾಡಿ ಎಂದವರು ಅವರೇ. 1994ರಲ್ಲಿ ಶುರುವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನ ಸಂಸ್ಥೆ ಅದು. ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ, ಮನೆಗೂ ಬರುತ್ತಾರೆ. ಅವಳ ನೋವಿಗೆ ಅವರು ಕೊಟ್ಟಿದ್ದು ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ, ಅದರ ಜೊತೆ ಮಲಬದ್ಧತೆಗೆ ಔಷಧಿ. ‘ಚಟ ಹತ್ತುತ್ತೆ’ ಎಂದು ನೆಂಟರು ಗಾಬರಿಯಾದರು. ನೋವಿಗೆ ತಕ್ಕಷ್ಟು ಅಳೆದು ಕೊಟ್ಟರೆ ಆ ಭಯ ಬೇಡ ಎಂದು ಅಲ್ಲಿಂದ ಬರುತ್ತಿದ್ದ ನರ್ಸ್ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಲ್ಲಿ ಸಿಕ್ಕಿಕೊಂಡಿದ್ದ ಈ ಮಾತ್ರೆಗೆ 2014ರ ತಿದ್ದುಪಡಿ ದಾರಿ ಸುಗಮ ಮಾಡಿದೆ. ಆದರೂ ಎಷ್ಟೋ ಊರುಗಳಲ್ಲಿ ಇನ್ನೂ ಸಿಗುವುದಿಲ್ಲ ಎಂಬುದು ನನಗೆ ಸಂಕಟದ ವಿಷಯ.

ಆ ಹಿರಿಯರು ಸಂಜೆ ನನ್ನನ್ನು ಕೆರೆಯ ಕಡೆ ನಡೆದಾಡಲು ಕರೆದೊಯ್ಯುತ್ತಿದ್ದರು. ಸಮಾಧಾನದ ಮಾತು ಆಡಿದವರೇ ಅಲ್ಲ. ಮುಂದೆ ಏನಾಗುತ್ತದೆ ಎಂಬುದನ್ನು ಮಾತ್ರ ನಿಧಾನವಾಗಿ ಹೇಳುತ್ತಿದ್ದರು. ‘ಊಟ ಬಿಡ್ತಾರೆ ಸಾರ್. ಬಲವಂತ ಮಾಡಬೇಡಿ. ತುಟಿ ಒದ್ದೆ ಮಾಡ್ತಾ ಇರಿ, ಸಾಕು. ಕೊನೆಗೆ ಉಸಿರಿನ ಸದ್ದು ಬದಲಾಗುತ್ತೆ, ಹೆದರಬೇಡಿ.’ ಅವಳು ಅನ್ನ ಬಿಟ್ಟ ದಿನ ಬಂದವರೆಲ್ಲ ‘ಒಂದು ತುತ್ತಾದರೂ ತಿನ್ನಿಸಿ’ ಎಂದರು. ಉಣ್ಣಿಸದಿರುವುದು ಪಾಪವೆಂದು ನಂಬಿ ಬೆಳೆದವನು ನಾನು. ಆದರೆ ಸೋತ ದೇಹಕ್ಕೆ ತುರುಕಿದ ಅನ್ನ ವಾಂತಿಯಾಗಿ, ನೆತ್ತಿಗೇರಿ ಹಿಂಸೆ ಕೊಡುತ್ತದೆ ಎಂದು ನರ್ಸ್ ಕೂಡ ಹೇಳಿದ್ದರು. ಒದ್ದೆ ಹತ್ತಿಯಿಂದ ಅವಳ ತುಟಿ ಸವರುತ್ತ ಕೂತೆ. ಉಸಿರಿನ ಸದ್ದು ಬದಲಾದ ರಾತ್ರಿ ಆಂಬುಲೆನ್ಸಿಗಾಗಿ ಓಡಲಿಲ್ಲ. ಅವಳ ಕೈ ನನ್ನ ಕೈಯಲ್ಲಿತ್ತು, ಗೆಳತಿಯರಿಬ್ಬರು ಪಕ್ಕದಲ್ಲಿದ್ದರು. ಅದೇ ದಾರಿಯಲ್ಲಿ ಮೊದಲೇ ನಡೆದವರೊಬ್ಬರು ಹೇಳಿಕೊಟ್ಟಿದ್ದರಿಂದ ಅವಳು ಕೇಳಿದ ಹಾಗೆ ಮನೆಯಲ್ಲೇ ಕಣ್ಮುಚ್ಚಿದಳು.

ಕೇರಳದಲ್ಲಿ ಊರೂರಿನ ಸಾಮಾನ್ಯ ಜನರೇ ತರಬೇತಿ ಪಡೆದು ಇಂಥ ಮನೆಗಳಿಗೆ ಹೋಗುತ್ತಾರೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದ ಕೆಲಸ ಬೆಳೆದು, 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ನಮ್ಮ ಬೀದಿಯ ಹೆಂಗಸರು ಯಾವ ತರಬೇತಿಯೂ ಇಲ್ಲದೆ ಅಷ್ಟು ಮಾಡಿದರೆಂದ ಮೇಲೆ ನಮ್ಮ ರಾಜ್ಯದಲ್ಲೂ ಅದು ಖಂಡಿತ ಸಾಧ್ಯ.

ನಿಮ್ಮ ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ ಕೊನೆಯ ವಾರದವರೆಗೆ ಕಾಯಬೇಡಿ. ಚಿಕಿತ್ಸೆ ನಡೆಯುವಾಗಲೇ, ನೋವು ತಗ್ಗಿಸಿ ನೋಡಿಕೊಳ್ಳುವ ಈ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಎಲ್ಲಿ ಸಿಗುತ್ತದೆಂದು ಡಾಕ್ಟರನ್ನು ಕೇಳಿ. ಪಕ್ಕದ ಮನೆಯಲ್ಲಿದ್ದರೆ, ಮಧ್ಯಾಹ್ನ ಎರಡು ಗಂಟೆ ಬಿಡುವು ಮಾಡಿಕೊಂಡು ಹೋಗಿ ಕೂತುಕೊಳ್ಳಿ.